ಹತ್ತು ನಿಮಿಷದ ದಾರಿ

ನಮ್ಮ ಕ್ಯಾಂಪಿನಲ್ಲಿ, ಅಂದರೆ ಸ್ಟ್ಯಾನ್ಲಿ ಪಟ್ಟಣವೊಂದನ್ನು ಬಿಟ್ಟು ಉಳಿದ ಫಾಕ್‌ಲೆಂಡ್ ದ್ವೀಪಗಳಲ್ಲೆಲ್ಲ, ಆ ಕಾಲದಲ್ಲಿ ಯಾರಾದರೂ ದೂರವನ್ನು ಮೈಲಿಯಲ್ಲಿ ಹೇಳಿದರೆ ಪಾಪ, ಹಡಗಿನಿಂದ ಇಳಿದು ಇನ್ನೂ ವಾಂತಿ ನಿಂತಿಲ್ಲ ಎಂದುಕೊಳ್ಳುತ್ತಿದ್ದರು. ನಮ್ಮದು ಕುದುರೆಯ ಲೆಕ್ಕ. ನೆರೆಮನೆ ಎರಡು ಗಂಟೆ, ಹಡಗುಕಟ್ಟೆ ಅರ್ಧ ದಿನ, ಡಾಕ್ಟರು ಎರಡು ದಿನ. ಯಾವ ಕುದುರೆ ಎಂದು ಯಾರೂ ಕೇಳುತ್ತಿರಲಿಲ್ಲ. ಯಾರ ಮನೆಯ ಕುದುರೆ ಹೇಗೆ ನಡೆಯುತ್ತದೆ ಎಂಬುದು, ಯಾರ ಮನೆಯ ಹೆಂಗಸಿಗೆ ಎಷ್ಟು ಸಿಟ್ಟು ಎಂಬುದರ ಹಾಗೆ, ಎಲ್ಲರಿಗೂ ಗೊತ್ತಿರುತ್ತಿತ್ತು.

ಗ್ರೇ ಪಾಯಿಂಟಿನ ಕುರಿಗಾಹಿ ಡೂಗಲ್ ಹ್ಯಾರೋನ ಕುದುರೆಯ ಹೆಸರು ಸೈನೊ. ದೇವರು ಆಮೆಯನ್ನು ಮಾಡಿ, ಇಷ್ಟು ಅವಸರ ಒಳ್ಳೆಯದಲ್ಲವೆಂದು ಆಮೇಲೆ ಸೈನೊವನ್ನು ಮಾಡಿದ. ಅದರ ಮೇಲೆ ಕೂತು ಬೆಳಿಗ್ಗೆ ಹೊರಟವನಿಗೆ ಊರ ಗೇಟು ದಾಟುವಷ್ಟರಲ್ಲಿ ಗಡ್ಡ ಬಂದಿರುತ್ತಿತ್ತು. ಒಮ್ಮೆ ಅದು ದಾರಿಯಲ್ಲಿ ನಿಂತು ಯೋಚನೆ ಮಾಡುತ್ತಿದ್ದಾಗ ಜೀನಿನ ಅಡಿಯಲ್ಲಿ ಹಕ್ಕಿ ಗೂಡು ಕಟ್ಟಿತಂತೆ. ಮರಿಗಳನ್ನು ಎಣಿಸಿದವರು ಈಗಲೂ ಬದುಕಿದ್ದಾರೆ.

ಡೂಗಲ್‌ನ ಹೆಂಡತಿ ಎಫಿ ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ತೀರಿಕೊಂಡಳು. ಹೊಟ್ಟೆಯಲ್ಲಿ ಗಡ್ಡೆ. ವಸಂತ ಬಂದರೆ ಪೆಂಗ್ವಿನ್ ಮೊಟ್ಟೆ ಆರಿಸಲು ಅವಳು ಹೋಗುತ್ತಿದ್ದದ್ದು ಟಿನ್ ಕೊಲ್ಲಿಗೆ. ನನ್ನನ್ನು ಅಲ್ಲೇ ಇಡಿ ಎಂದು ಕೇಳಿಕೊಂಡಿದ್ದಳು, ಇಟ್ಟರು. ಗೇಟು ದಾಟಿ, ಒಂದು ದಿಬ್ಬ ಹತ್ತಿ ಇಳಿದರೆ ಮರದ ಶಿಲುಬೆ, ಸುತ್ತ ಬಿಳಿ ಕಟಕಟೆ. ಪ್ರತಿ ನವೆಂಬರಿನಲ್ಲಿ, ಅಂದರೆ ನಮ್ಮ ಬೇಸಿಗೆಯ ಬಾಗಿಲಲ್ಲಿ, ಉಣ್ಣೆ ಕತ್ತರಿಸುವ ಕೆಲಸ ಶುರುವಾಗುವ ಮೊದಲು, ಡೂಗಲ್ ಮತ್ತು ಎಫಿಯ ತಂಗಿ ವಿನಿ ಹೋಗಿ ಕಟಕಟೆಗೆ ಬಣ್ಣ ಹೊಡೆಯುತ್ತಿದ್ದರು. ಅವನು ಹೊರಗಿನಿಂದ, ಅವಳು ಒಳಗಿನಿಂದ. ಆಮೇಲೆ ಕುರಿಮಾಂಸದ ಕಡುಬು ತಿಂದು ಬರುತ್ತಿದ್ದರು. ನಮ್ಮಲ್ಲಿ ವರ್ಷಕ್ಕೆ ಮುನ್ನೂರರವತ್ತೈದು ದಿನ ಕುರಿಮಾಂಸ. ಅಧಿಕ ವರ್ಷದಲ್ಲಿ ಒಂದು ದಿನ ಜಾಸ್ತಿ.

ಎರಡೇ ಎರಡು ನವೆಂಬರ್ ಹೀಗೆ ಕಳೆದವು. ಮೂರನೆಯದರಲ್ಲಿ ವಿನಿಗೆ ನ್ಯುಮೋನಿಯಾ, ಡೂಗಲ್ ಒಬ್ಬನೇ ಹೋಗಿ ಹೊರಗೂ ಒಳಗೂ ಹೊಡೆದು ಬಂದ. ಅದರ ಮುಂದಿನ ಏಪ್ರಿಲಿನಲ್ಲಿ ಯುದ್ಧ ಬಂತು.

ಈ ದ್ವೀಪಗಳು ತಮ್ಮವೆಂದು ಅರ್ಜೆಂಟೀನಾದವರು, ತಮ್ಮವೆಂದು ಇಂಗ್ಲೆಂಡಿನವರು. ಕುರಿಗಳನ್ನು ಯಾರೂ ಕೇಳಲಿಲ್ಲ, ನಮ್ಮನ್ನೂ ಕೇಳಲಿಲ್ಲ. ಗ್ರೇ ಪಾಯಿಂಟಿಗೆ ನಲವತ್ತು ಜನ ಸಿಪಾಯಿಗಳು ಬಂದರು. ಮೀಸೆ ಬಾರದ ಹುಡುಗರು, ಬಿಸಿಲಿನ ಸೀಮೆಯಿಂದ ಹಿಡಿದು ತಂದವರು. ಉಣ್ಣೆಯ ಶೆಡ್ಡಿನಲ್ಲಿ ಮಲಗುತ್ತಿದ್ದರು. ನಮ್ಮ ಗಾಳಿಗೆ ಅವರ ಹಲ್ಲು ಎಷ್ಟು ಕಟಕಟಿಸುತ್ತಿತ್ತೆಂದರೆ ಯಾರೋ ಕಲ್ಲು ಒಡೆಯುತ್ತಿದ್ದಾರೆಂದು ನಾಯಿಗಳು ಬೊಗಳುತ್ತಿದ್ದವು.

ಊರವರು ಹೆದರಿದರು, ಬೈದರು, ಅತ್ತರು. ಡೂಗಲ್‌ಗೆ ಏನೂ ಅನ್ನಿಸಲಿಲ್ಲ. ಎಫಿ ಹೋದಾಗಿನಿಂದಲೇ ಅವನ ಒಳಗೆ ಕಾಲಿಗೆ ಜೋಮು ಹಿಡಿದ ಹಾಗೆ ಏನೋ ಹಿಡಿದಿತ್ತು. ತೋಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಕುರಿ ನೋಡಿ ಬರಲು ಅವರ ಅಧಿಕಾರಿ ಒಪ್ಪಿಗೆ ಕೊಟ್ಟಿದ್ದ. ಕಟ್ಟಿಕೊಂಡು ಹೋಗುತ್ತಿದ್ದ, ಬರುತ್ತಿದ್ದ.

ಮೇ ತಿಂಗಳ ಒಂದು ಬೆಳಿಗ್ಗೆ ಸೈನೊವನ್ನೇರಿ ಟಿನ್ ಕೊಲ್ಲಿಯ ಕಡೆಗೆ ಹೊರಟ. ಗೇಟು ದಾಟಿದನೋ ಇಲ್ಲವೋ, ತಲೆಯ ಮೇಲೆ ಎರಡು ಜೆಟ್ ವಿಮಾನಗಳು ಹುಲ್ಲು ತರಿದುಕೊಂಡು ಹೋಗುವಷ್ಟು ಕೆಳಗೆ ಹಾರಿಹೋದವು. ಆಗ ಜಗತ್ತಿನಲ್ಲಿ ಹಿಂದೆಂದೂ ನಡೆಯದ್ದು ನಡೆಯಿತು. ಸೈನೊ ಓಡಿತು. ದಿಬ್ಬ ಹತ್ತಿ, ಇಳಿದು, ಎಫಿಯ ಕಟಕಟೆಯ ಪಕ್ಕದಿಂದಲೇ ಹಾದು, ಎರಡು ತೊರೆ ಹಾರಿ, ಮರಳುದಂಡೆ ಕಂಡ ಮೇಲೆ ತಾನು ಯಾರೆಂದು ನೆನಪಾಗಿ ನಿಂತಿತು. ಅಲ್ಲಿ ಏಳೆಂಟು ಸಿಪಾಯಿ ಹುಡುಗರು ಸಣ್ಣ ಸಣ್ಣ ಗುಂಡಿ ತೋಡಿ, ಪೆಟ್ಟಿಗೆಯಿಂದ ನೆಲಬಾಂಬು ತೆಗೆದು ಹೂಳುತ್ತಿದ್ದರು. ಒಬ್ಬ ಹಿಂದೆ ಹೋಗೆಂದು ಕೈಬೀಸಿದ. ಡೂಗಲ್ ಅಭ್ಯಾಸಬಲದಿಂದ ಗಡಿಯಾರ ನೋಡಿಕೊಂಡ. ಗೇಟು ಬಿಟ್ಟು ಹತ್ತು ನಿಮಿಷ. ಉಳಿದ ದಿನಗಳಲ್ಲಿ ಅದು ಸೈನೊಗೆ ಒಂದು ಗಂಟೆಯ ದಾರಿ. ಹಿಂದಕ್ಕೆ ಬರಲು ಒಂದೂಕಾಲು ಗಂಟೆ ಹಿಡಿಯಿತು, ಏಕೆಂದರೆ ಅದಕ್ಕೆ ಸುಸ್ತಾಗಿತ್ತು.

ಜೂನಿನಲ್ಲಿ ಅರ್ಜೆಂಟೀನಾದವರು ಶರಣಾದರು. ಅವರ ನೆಲಬಾಂಬಿನ ನಕ್ಷೆ ಮಳೆಯಲ್ಲಿ ನೆನೆದು ಗಂಜಿಯಾಗಿತ್ತು. ಇಂಗ್ಲಿಷ್ ಸೇನೆಯ ಒಬ್ಬ ಸಾರ್ಜೆಂಟು ಹಾಳೆ ಹಿಡಿದುಕೊಂಡು ಬಂದ. ಹೂಳುವುದನ್ನು ಕಣ್ಣಾರೆ ಕಂಡವನು ಡೂಗಲ್ ಒಬ್ಬನೇ.

"ಗೇಟಿಂದ ಅವ್ರು ಅಗೀತಿದ್ದ ಜಾಗಕ್ಕೆ ಎಷ್ಟು ದೂರ ಆಗ್ಬೋದು ಯಜಮಾನ್ರೆ?"

"ಹತ್ತು ನಿಮಿಷ."

"ಟೈಮ್ ಅಲ್ಲ, ದೂರ."

"ಅದೇ. ಹತ್ತು ನಿಮಿಷ, ಕುದುರೆ ಮೇಲೆ."

"ಕುದುರೆ ನಡೀತಿತ್ತೋ ಓಡ್ತಿತ್ತೋ?"

ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ನಾಲ್ಕು ಜನ ನಕ್ಕರು. ಹನ್ನೊಂದು ವರ್ಷದಿಂದ ಆ ಕುದುರೆಯ ಬಗ್ಗೆ ಯಾರು ಏನು ಕೇಳಿದರೂ ಡೂಗಲ್ ಒಂದೇ ಉತ್ತರ ಕೊಡುತ್ತಿದ್ದ. ನಾಲಿಗೆ ಅವನನ್ನು ಕೇಳದೆ ಅದನ್ನೇ ಕೊಟ್ಟಿತು.

"ಸೈನೊಗೆ ಓಟ ಯಾರ್ ಕಲ್ಸಿದಾರೆ?"

ಸಾರ್ಜೆಂಟು ನಡಿಗೆ ಎಂದು ಬರೆದುಕೊಂಡ. ನಡೆಯುವ ಕುದುರೆ ಹತ್ತು ನಿಮಿಷಕ್ಕೆ ಒಂದು ಕಿಲೋಮೀಟರ್. ಜೋಪಾನಕ್ಕೆ ಇನ್ನಷ್ಟು ಈಚೆ ಇರಲಿ. ಮುಂದಿನ ವಾರ ಡೂಗಲ್ ಕುರಿ ಕೂಡಿಹಾಕುತ್ತಿದ್ದಾಗ ದಿಬ್ಬದ ಈಚೆಗೇ ಮುಳ್ಳುತಂತಿ ಎದ್ದಿತು, ತಂತಿಗೆ ತಲೆಬುರುಡೆಯ ಕೆಂಪು ಹಲಗೆಗಳು. ಎಫಿ ಆಚೆ ಉಳಿದಳು.

ವಿನಿ ಓಡೋಡಿ ಬಂದು ಸುದ್ದಿ ಹೇಳಿದಳು. "ಸತ್ತವಳನ್ನೂ ಬಿಡ್ಲಿಲ್ಲ ನೋಡೋ ಆ ಹಾಳಾದವ್ರು. ಅವಳ ಸುತ್ತಾನೇ ಹೂತಿಟ್ಟು ಹೋಗಿದಾರೆ. ಅವ್ರ ಕೈ ಸೇದ್ಹೋಗ."

ಡೂಗಲ್ ಆಗ ಸೈನೊದ ಜೀನು ಬಿಚ್ಚುತ್ತಿದ್ದ. ಪಟ್ಟಿ ಕೈಯಲ್ಲೇ ಉಳಿಯಿತು. ಸಾರ್ಜೆಂಟಿಗೆ ಹೇಳಿದ ಹತ್ತು ನಿಮಿಷ ಓಟದ್ದೆಂದು ಹೊಳೆದದ್ದು ಆಗಲೇ.

ಮಾರನೆಯ ದಿನವೇ ಸ್ಟ್ಯಾನ್ಲಿಗೆ ಹೊರಟ. ಬೇರೆಯವರ ಕುದುರೆಯ ಮೇಲೆ ಎರಡು ದಿನ. ಅಲ್ಲಿ ಒಬ್ಬ ಅಧಿಕಾರಿ ತಾಳ್ಮೆಯಿಂದ ಕೇಳಿಸಿಕೊಂಡ.

"ಯಾರ್ಯಾರೋ ಹೇಳಿದ್ರು ಅಂತ ಬೇಲೀನ ಅತ್ತಿತ್ತ ಸರಿಸ್ತಾ ಕೂತ್ರೆ ಕಥೆ ಮುಗಿಯಲ್ಲ ನೋಡಿ. ನಾವು ದೊಡ್ಡದು ಮಾಡ್ತೀವಿ, ಚಿಕ್ಕದು ಮಾಡಲ್ಲ. ಅವತ್ತು ಆದ್ಮೇಲೆ ಅವ್ರು ಇನ್ನೂ ಈಚೆ ಬಂದು ಹೂಳ್ಲಿಲ್ಲ ಅಂತ ನಿಮ್ಗೆ ಖಾತ್ರೀನಾ? ನಿಮ್ಮ ಕಾಲ್ಮೇಲೆ ಆಣೆ ಇಟ್ಟು ಹೇಳ್ತೀರಾ?"

ಖಾತ್ರಿ ಇರಲಿಲ್ಲ. ನೂರಕ್ಕೆ ತೊಂಬತ್ತು ಇತ್ತು. ಉಳಿದ ಹತ್ತರ ಬೆಲೆ ಒಬ್ಬರ ಎರಡೂ ಕಾಲು. ಡೂಗಲ್ ಟೋಪಿ ಹಾಕಿಕೊಂಡು ಊರಿಗೆ ಬಂದ.

ವಿನಿಗೆ ಹೇಳಲೆಂದು ಅವಳ ಮನೆಗೆ ಹೋದ. ಅವಳು ಒಲೆಗೆ ಪೀಟ್, ಅಂದರೆ ಒಣಗಿದ ಜೌಗುಮಣ್ಣಿನ ಇಟ್ಟಿಗೆ, ತುರುಕುತ್ತಾ ಅರ್ಜೆಂಟೀನಾದ ಏಳು ತಲೆಮಾರಿಗೆ ಶಾಪ ಹಾಕುತ್ತಿದ್ದಳು. ನಾಳೆ ಹೇಳೋಣವೆಂದು ಚಹಾ ಕುಡಿದು ಬಂದ. ಆ ನಾಳೆ ಮೂವತ್ತನಾಲ್ಕು ವರ್ಷ ಬರಲಿಲ್ಲ.

ಕಷ್ಟವೇನೂ ಆಗಲಿಲ್ಲ, ಅದೇ ವಿಚಿತ್ರ. ಊರೆಲ್ಲ ಅವನನ್ನು ಪಾಪ ಅಂದಿತು. ಪ್ರತಿ ಕ್ರಿಸ್ಮಸ್‌ಗೆ ಮನೆಮನೆಯಿಂದ ಕೇಕು ಬಂತು. ಆ ಕೇಕುಗಳನ್ನೆಲ್ಲ ಜೋಡಿಸಿದ್ದರೆ ಎರಡು ದ್ವೀಪಗಳ ನಡುವೆ ಸೇತುವೆ ಆಗುತ್ತಿತ್ತು. ಭಾನುವಾರ ಅವನು ಮನೆಯ ಹಿಂದಿನ ಗುಡ್ಡ ಹತ್ತಿ ದುರ್ಬೀನಿನಲ್ಲಿ ನೋಡುತ್ತಿದ್ದ. ಕಟಕಟೆಯ ಬಣ್ಣ ಹೋಯಿತು. ಆಮೇಲೆ ಕಟಕಟೆ ಹೋಯಿತು. ತೊಂಬತ್ತೆರಡರಲ್ಲಿ ಶಿಲುಬೆ ವಾಲಿತು, ತೊಂಬತ್ತೈದರಲ್ಲಿ ಮಲಗಿತು. ಪೆಂಗ್ವಿನ್‌ಗಳು ಮಾತ್ರ ಆರಾಮಾಗಿ ಓಡಾಡಿಕೊಂಡಿದ್ದವು. ಅವುಗಳ ಭಾರಕ್ಕೆ ಬಾಂಬು ಸಿಡಿಯುವುದಿಲ್ಲ. ಸಮಾಧಿಯ ಮಗ್ಗುಲಲ್ಲೇ ಬಿಲ ತೋಡಿ ಸಂಸಾರ ಮಾಡಿದವು. ಡೂಗಲ್ ನೋಡಿ ಇಳಿದು ಬರುತ್ತಿದ್ದ. ತಪ್ಪು ಅನ್ನಿಸಬೇಕಾದ ಜಾಗದಲ್ಲಿ ಏನೋ ಇತ್ತು, ಆದರೆ ಮುಟ್ಟಿದರೆ ತಿಳಿಯುತ್ತಿರಲಿಲ್ಲ. ಸೈನೊ ಎಂಬತ್ತೆಂಟರಲ್ಲಿ ಸತ್ತಿತು. ಸಾಯಲು ಐದು ವಾರ ತೆಗೆದುಕೊಂಡಿತು.

ಕೊನೆಗೆ ಮೂವತ್ತನಾಲ್ಕನೆಯ ವರ್ಷದ ಬೇಸಿಗೆಯಲ್ಲಿ ಬಾಂಬು ತೆಗೆಯುವವರು ಬಂದರು. ಜಿಂಬಾಬ್ವೆಯವರು, ಇಪ್ಪತ್ತು ಜನ. ಅವರ ಮೇಸ್ತ್ರಿ ಟಫಾರ. ನಲವತ್ತರ ಆಳು, ನಮ್ಮ ಬೇಸಿಗೆಯಲ್ಲಿ ಮೂರು ಉಣ್ಣೆ ಅಂಗಿ ಹಾಕಿಕೊಂಡು ಮೊಣಕಾಲೂರಿ, ನೆಲವನ್ನು ಅಂಗೈ ಅಂಗೈಯಷ್ಟು ಕೆದಕುತ್ತಾ ಹೋಗುತ್ತಿದ್ದ. ಸೈನೊ ಇದ್ದಿದ್ದರೆ ಅವನನ್ನು ನೋಡಿ, ಇವನಿಗೇಕೆ ಇಷ್ಟು ನಿಧಾನ ಎನ್ನುತ್ತಿತ್ತು. ಸಂಜೆ ಡೂಗಲ್‌ನ ಮನೆಗೆ ಚಹಾಕ್ಕೆ ಬರುತ್ತಿದ್ದ. ಡೂಗಲ್‌ನನ್ನು ಸೆಕುರು ಎಂದು ಕರೆಯುತ್ತಿದ್ದ, ಅವನ ಮಾತಿನಲ್ಲಿ ಅಜ್ಜ ಎಂದು.

"ನಿಮ್ಮೂರಲ್ಲೂ ಬಾಂಬಿತ್ತಾ?" ಎಂದು ಡೂಗಲ್ ಒಂದು ಸಲ ಕೇಳಿದ.

"ಇತ್ತು ಸೆಕುರು. ನಮ್ಮಲ್ಲಿ ಹಸುಗಳೇ ಹುಡುಕ್ತಿದ್ವು. ಸಂಬಳ ಇಲ್ದೆ."

ನವೆಂಬರಿನ ಒಂದು ಗುರುವಾರ ಟಫಾರ ಚಹಾದ ಹೊತ್ತಿಗೆ ಮುಂಚೆಯೇ ಬಂದ. ಕೂರಲಿಲ್ಲ. ಕೈಯಲ್ಲಿ ಒಂದು ಹಳದಿಯಾದ ಹಾಳೆ.

"ಮುಗೀತು ಸೆಕುರು. ಮರಳುದಂಡೆಯಲ್ಲಿ ನೂರ ಹದಿನೆಂಟು ಸಿಕ್ತು. ಎಲ್ಲಾ ಅಲ್ಲೇ."

"ದಿಬ್ಬದ ಕಡೆ?"

"ಒಂದೂ ಇಲ್ಲ. ಅಜ್ಜಿ ಇರೋ ಕಡೆ ಬರೀ ಪೆಂಗ್ವಿನ್ ಹಿಕ್ಕೆ." ಅವನು ಹಾಳೆಯನ್ನು ಮೇಜಿನ ಮೇಲಿಟ್ಟ. "ಇದು ಎಂಬತ್ತೆರಡರ ಕಾಗ್ದ. ನಿಮ್ಗೆ ತೋರಿಸ್ಬೇಕು ಅನ್ನಿಸ್ತು."

ಸಾರ್ಜೆಂಟಿನ ಕೈಬರಹ. ಗೇಟಿನಿಂದ ಹತ್ತು ನಿಮಿಷ, ಕುದುರೆ ನಡಿಗೆ. ಮಾಹಿತಿ ಕೊಟ್ಟವರು ಡಿ. ಹ್ಯಾರೋ.

"ಶನಿವಾರ ಹಾಲ್‌ನಲ್ಲಿ ಜಾಗ ವಾಪಸ್ ಕೊಡೋ ಕಾರ್ಯಕ್ರಮ. ಹಳೇ ಕಾಗ್ದ, ಹೊಸ ಕಾಗ್ದ ಎರಡೂ ಓದ್ಬೇಕು. ಅದು ನಮ್ಮ ನಿಯಮ, ಬಿಡೋ ಹಾಗಿಲ್ಲ."

"ಓದು," ಅಂದ ಡೂಗಲ್.

"ಈಗ ಬೇಕಾದ್ರೆ ಕರ್ಕೊಂಡು ಹೋಗ್ತೀನಿ. ದಾರಿ ಪೂರ್ತಿ ಚೊಕ್ಕ ಇದೆ. ನಾನೇ ಮುಂದೆ ನಡೀತೀನಿ."

ಡೂಗಲ್ ಎದ್ದು ಕೋಟು ಹಾಕಿಕೊಂಡ. ಇಬ್ಬರೂ ಗೇಟಿನ ತನಕ ಬಂದರು. ತಂತಿ ಸುರುಳಿ ಸುತ್ತಿ ಪಕ್ಕಕ್ಕಿಟ್ಟಿದ್ದರು, ಕೆಂಪು ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಬರೀ ಹುಲ್ಲು, ದಿಬ್ಬ. ಡೂಗಲ್ ಏನಾದರೂ ಅನ್ನಿಸುತ್ತದೆಯೇನೋ ಎಂದು ಕಾದ. ಮೂಗು ಸೋರಿತು, ಅದು ಗಾಳಿಗೆ.

"ಮೊದ್ಲು ಇನ್ನೊಂದ್ ಕಡೆ ಹೋಗ್ಬೇಕು," ಎಂದು ಹಿಂದಕ್ಕೆ ತಿರುಗಿದ.

ವಿನಿ ಅಡಿಗೆಮನೆಯಲ್ಲಿ ಶನಿವಾರಕ್ಕೆಂದು ಕೇಕಿನ ಹಿಟ್ಟು ಕಲಸುತ್ತಿದ್ದಳು. ಎಪ್ಪತ್ತಾರು ವರ್ಷ. ಮಂಡಿ ಹೋಗಿತ್ತು, ಬಾಯಿ ಹೋಗಿರಲಿಲ್ಲ.

"ಬಾ. ಕಾಲೊರೆಸ್ಕೊಂಡು ಬಾ. ಸುದ್ದಿ ಗೊತ್ತಾಯ್ತು, ತೆಗೆದ್ರಂತೆ. ಎಷ್ಟಿತ್ತಂತೆ ಅವಳ ಸುತ್ತ?"

"ಒಂದೂ ಇರ್ಲಿಲ್ಲ."

"ಏನಂದೆ?"

ಡೂಗಲ್ ನಿಂತುಕೊಂಡೇ ಹೇಳಿದ. ಜೆಟ್ಟು, ಗಡಿಯಾರ, ಸಾರ್ಜೆಂಟು, ತಾನು ಹೇಳಿದ್ದು, ಸ್ಟ್ಯಾನ್ಲಿಗೆ ಹೋದದ್ದು, ಬಂದದ್ದು. ಒಟ್ಟು ನಾಲ್ಕು ನಿಮಿಷ ಹಿಡಿಯಿತು. ವಿನಿ ಕಲಸುವುದನ್ನು ನಿಲ್ಲಿಸಲಿಲ್ಲ, ನಿಧಾನ ಮಾಡಿದಳು.

"ಸೈನೊ ಓಡ್ತು ಅಂತೀಯ."

"ಓಡ್ತು."

"ಸುಳ್ ಹೇಳೋದಾದ್ರೆ ನಂಬೋ ಹಾಗೆ ಹೇಳೋ."

"ಓಡ್ತು, ವಿನಿ."

ಅವಳು ಚಮಚ ಕೆಳಗಿಟ್ಟಳು. ಕೈ ಒರೆಸಿಕೊಂಡಳು, ಒಂದೊಂದೇ ಬೆರಳು. ಒಲೆಯ ಮೇಲೆ ಕೆಟಲ್ ಕೂಗತೊಡಗಿತು. ಇಬ್ಬರೂ ಅದನ್ನು ಇಳಿಸಲಿಲ್ಲ.

"ಅವತ್ತೇ ಹೇಳಿದ್ರೆ ನಾನು ತಂತಿ ಹಾರಿ ಹೋಗ್ತಿದ್ದೆ," ಅಂದಳು.

"ಗೊತ್ತು. ನೂರಕ್ಕೆ ಹತ್ತು ಉಳಿದಿತ್ತಲ್ಲ."

"ಅದು ನನ್ ಕಾಲು. ನಾನ್ ಲೆಕ್ಕ ಹಾಕ್ಕೋತಿದ್ದೆ." ಹಿಟ್ಟಿನ ಬಟ್ಟಲು ಪಕ್ಕಕ್ಕೆ ಸರಿಸಿ ಕೇಳಿದಳು. "ಒಂದು ಸಲಾನೂ ಹೇಳ್ಬೇಕು ಅನ್ನಿಸ್ಲಿಲ್ವಾ?"

"ಅನ್ನಿಸ್ತಿತ್ತು. ಆಮೇಲೆ ನಿಂತ್ಹೋಯ್ತು."

ವಿನಿ ಕೆಟಲ್ ಇಳಿಸಿದಳು. ಬೈಯುತ್ತಾಳೆಂದು ಡೂಗಲ್ ಕಾದ. ಆ ಬಾಯಿಗೆ ಒಂದು ಸಲ ಹಿಮವೇ ಕರಗಿ ವಾರ ಮೊದಲೇ ವಸಂತ ಬಂದಿತ್ತು. ಅವಳು ಬೈಯಲಿಲ್ಲ.

"ನಾಳೆ ನಾನು ಹೋಗ್ತೀನಿ," ಅಂದಳು. "ಆ ಟಫಾರನ ಕರ್ಕೊಂಡು. ನೀನು ಬರ್ಬೇಡ."

"ಸರಿ."

"ಮೊದ್ಲು ನಾನು. ಆಮೇಲೆ ನೀನು ಯಾವತ್ ಬೇಕಾದ್ರೂ ಹೋಗು."

"ಸರಿ ವಿನಿ."

ಅವಳು ಹಿಟ್ಟಿನ ಕಡೆಗೆ ತಿರುಗಿದಳು. ಡೂಗಲ್ ಬಾಗಿಲೆಳೆದುಕೊಂಡು ಹೊರಟ.

ಶುಕ್ರವಾರ ಅವಳು ಹೋದಳು, ಸಂಜೆಯವರೆಗೆ ಬರಲಿಲ್ಲ. ಶನಿವಾರ ಊರ ಹಾಲ್‌ನಲ್ಲಿ ಎರಡೂ ಕಾಗದ ಓದಿದರು, ಜನ ಒಮ್ಮೆ ಡೂಗಲ್‌ನ ಕಡೆಗೆ ನೋಡಿ ಆಮೇಲೆ ಕೇಕಿನ ಕಡೆಗೆ ನೋಡಿದರು. ಭಾನುವಾರ ಮಳೆ. ಡೂಗಲ್ ಸೋಮವಾರ ಹೋದ.