ನೆಟ್ಟನೆ ಕಿವಿಯ ಮರಿ

ಅಂದು ನಾನು ‘ನೋಡೋಣ’ ಎಂದೆನೋ ‘ಬೇಡ’ ಎಂದೆನೋ, ಇವತ್ತಿಗೂ ಖಚಿತವಿಲ್ಲ. ‘ಬೇಡ’ ಎಂದಂತೆಯೇ ನೆನಪು. ಆದರೆ ನನಗೆ ಅನುಕೂಲವಾದ ನೆನಪನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ತಳಿವಿಜ್ಞಾನ ಓದಿದ್ದಕ್ಕೆ ಉಳಿದಿರುವ ಲಾಭ ಅದೊಂದೇ.

ನನ್ನದೊಂದು ಮಾರ್ವಾರಿ ಹೆಣ್ಣು ಕುದುರೆ. ಕಂದು ಮೈ, ಒಳಕ್ಕೆ ಬಾಗಿ ತುದಿಗೆ ತುದಿ ತಾಗುವ ಕಿವಿಗಳು. ಆ ತಳಿಯ ಗುರುತೇ ಆ ಕಿವಿ. ರವೀಂದ್ರನಗರದ ನಮ್ಮ ಮನೆಯಲ್ಲಿ ಕಾರಿಗೇ ಜಾಗವಿಲ್ಲ. ಹಾಗಾಗಿ ಅದು ಇದ್ದದ್ದು ಪಕ್ಕದೂರು ಭದ್ರಾವತಿಯಲ್ಲಿ, ಕಾಗದನಗರದಾಚೆ ಗೆಳೆಯನೊಬ್ಬ ನಡೆಸುವ ಸವಾರಿ ಶಾಲೆಯ ಲಾಯದಲ್ಲಿ. ಹಾಸ್ಟೆಲಿನಲ್ಲಿ ಒಂದೇ ರೂಮಿನಲ್ಲಿದ್ದ ಗೆಳೆಯ. ಪ್ರತಿ ಭಾನುವಾರ ಹೋಗಿ ಕುದುರೆಯ ಮೈ ಉಜ್ಜಿ, ಒಂದು ಸುತ್ತು ಸವಾರಿ ಮಾಡಿ ಬರುತ್ತಿದ್ದೆ. ಅದಕ್ಕೆ ಹದಿನಾರು ತುಂಬಿದಾಗ ಪಶುವೈದ್ಯರು, ಮರಿ ಬೇಕಿದ್ದರೆ ಇದೊಂದು ಸಲ, ಆಮೇಲೆ ಆಸೆ ಬಿಡಿ ಎಂದರು. ನನಗೆ ಅದರದೇ ತಳಿಯ ಮರಿ ಬೇಕಿತ್ತು. ದಾವಣಗೆರೆ ಕಡೆಯವರೊಬ್ಬರ ಬಳಿ ಒಳ್ಳೆಯ ಮಾರ್ವಾರಿ ಗಂಡಿತ್ತು. ಬೆದೆಗೆ ಬಂದಾಗ ಅಲ್ಲಿಗೆ ಕರೆದೊಯ್ಯುವುದೆಂದು ಗೆಳೆಯನೊಡನೆ ಮಾತಾಗಿತ್ತು. ಓಡಾಟವೆಲ್ಲ ಅವನದೇ.

ಅವನ ಆಸೆ ಬೇರೆ. ಅವನಿಗೆ ಶೋ ಜಂಪಿಂಗ್‌ನಲ್ಲಿ ಅಡ್ಡಪಟ್ಟಿ ಹಾರುವ ಕುದುರೆ ಬೇಕಿತ್ತು. ಈ ತಳಿಯ ತಾಳುವ ಶಕ್ತಿಗೆ ಥರೋಬ್ರೆಡ್ ಎಂಬ ರೇಸು ತಳಿಯ ಉದ್ದ ಕಾಲು, ವೇಗ ಕೂಡಿದರೆ ಎಂಥ ಕುದುರೆಯಾದೀತು ಎಂದು ಆಗಾಗ ಹೇಳುತ್ತಿದ್ದ. ಒಂದು ಭಾನುವಾರ ಸಂಜೆ ಲಾಯದ ಮುಂದೆ ಚಹಾ ಕುಡಿಯುತ್ತ, ರೇಸು ಬಿಟ್ಟ ಥರೋಬ್ರೆಡ್ ಗಂಡೊಂದು ತರೀಕೆರೆ ಹತ್ತಿರದ ಫಾರ್ಮಿನಲ್ಲಿದೆ, ಅದಕ್ಕೇ ಕೊಟ್ಟರೆ ಹೇಗೆ ಎಂದು ಕೇಳಿದ. ನಾನು ಆ ಒಂದು ಮಾತು ಹೇಳಿದ್ದು ಆಗಲೇ. ‘ನೋಡೋಣ’ ಎಂದಿದ್ದರೂ ಏನು? ದುರ್ಗಿಗುಡಿಯಲ್ಲಿ ನಾನು ಬೆಳೆದ ಮನೆಯಲ್ಲಿ, ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ‘ನೋಡೋಣ’ ಎಂದು ಎದ್ದರೆ ಮತ್ತೆ ಆ ಬೀದಿಗೆ ಬರುತ್ತಿರಲಿಲ್ಲ.

ಎರಡು ವಾರದ ನಂತರ ಅವನು ಫೋನ್ ಮಾಡಿ ಗಬ್ಬ ಕಟ್ಟಿದೆ ಎಂದ. ಯಾವ ಗಂಡು ಎಂದು ನಾನು ಕೇಳಲಿಲ್ಲ. ಮಾತಾಗಿತ್ತಲ್ಲ. ಉಳಿದ ಹತ್ತು ತಿಂಗಳೂ ದಾವಣಗೆರೆಯದೇ ಎಂದುಕೊಂಡು ಅದರ ಹೊಟ್ಟೆ ಸವರಿದೆ.

ಮರಿ ಹುಟ್ಟಿದ ಬೆಳಿಗ್ಗೆ ಹೋಗಿ ನೋಡಿದರೆ, ಕಿವಿಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ನೆಟ್ಟಗೆ ನಿಂತಿದ್ದವು. ಕಿವಿಯೊಂದೇ ಪುರಾವೆಯಾಗದು ಎಂದು ನನ್ನ ಓದು ಹೇಳುತ್ತಿತ್ತು. ಗೆಳೆಯ ನನಗೆ ಆ ಕಷ್ಟವನ್ನೂ ಕೊಡಲಿಲ್ಲ.

“ಕಾಲ್ ನೋಡು ಮಾರಾಯ, ಹಾರಕ್ಕೇ ಹುಟ್ಟಿದೆ” ಎಂದ.

“ಯಾವ್ದರ ಮರಿ ಇದು?”

“ತರೀಕೆರೇದು. ನೀನೇ ನೋಡೋಣ ಅಂದ್ಯಲ್ಲ.”

“ಬೇಡ ಅಂದಿದ್ದೆ ನಾನು.”

“ಬೇಡ ಅನ್ನಕ್ಕೆ ನಿಂಗೆ ಬಾಯಿ ಎಲ್ಲಿದೆ? ತಳಿ ಶುದ್ಧ, ರಕ್ತ ಶುದ್ಧ ಅನ್ನೋದೆಲ್ಲ ಬೊಗಳೆ ಅಂತ ಹಾಸ್ಟೆಲಲ್ಲಿ ಭಾಷಣ ಬಿಗೀತಿದ್ದೋನು ನೀನೇ ತಾನೆ? ಈಗ ನಿನ್ ಕುದುರೆಗೆ ಗೋತ್ರ ಕೇಳ್ತೀಯ?”

ಭಾಷಣ ಬಿಗಿದದ್ದು ನಿಜ. ಈಗಲೂ ಅದನ್ನೇ ನಂಬುತ್ತೇನೆ. ಈ ಕುದುರೆ ಸತ್ತ ಮೇಲೂ ಆ ಬಾಗಿದ ಕಿವಿಗಳನ್ನು ನೋಡುತ್ತಿರಬೇಕು ಎಂಬುದಷ್ಟೇ ನನ್ನ ಆಸೆ ಎಂದು ಹೇಳಬೇಕಿತ್ತು. ಸ್ಕೂಟರ್ ಹತ್ತಿ ವಾಪಸು ಬಂದೆ.

ಚಹಾ ಕುಡಿದ ಆ ಭಾನುವಾರ ಹೆಂಡತಿಯೂ ಜೊತೆಗಿದ್ದಳು. ಅವಳನ್ನು ಕೇಳಿದೆ. “ನೀವೇನೂ ಹೇಳ್ಲೇ ಇಲ್ಲ ರೀ. ತಲೆ ಅಲ್ಲಾಡಿಸಿದ್ರಿ, ಅಷ್ಟೆ” ಎಂದಳು. ಯಾವ ಕಡೆಗೆ ಎಂದರೆ, ಅದು ನೆನಪಿಲ್ಲವಂತೆ.

ಪಶುವೈದ್ಯರು ಹೇಳಿದಂತೆ ಅದೇ ಕೊನೆಯ ಮರಿಯಾಯಿತು. ಒಪ್ಪಿಗೆ ಕೊಟ್ಟವನು ನಾನೇ ಇರಬಹುದೆಂಬ ಅನುಮಾನಕ್ಕೆ ಅವನ ಮೇಲಿನ ಸಿಟ್ಟನ್ನು ತಿಂಗಳುಗಟ್ಟಲೆ ಅರ್ಧಕ್ಕೇ ನುಂಗಿಕೊಂಡೆ. ಸಿಕ್ಕಾಗ ಮೊದಲಿನಂತೆಯೇ ಮಾತಾಡಿಸಿದೆ ಕೂಡ. ಕೊನೆಗೆ ತಡೆಯಲಾರದೆ ತರೀಕೆರೆಯ ಫಾರ್ಮಿಗೇ ಹೋದೆ. ಯಾವ ಹೆಣ್ಣು ಕುದುರೆಗೆ ಯಾವ ದಿನ ಗಂಡು ಬಿಟ್ಟರು ಎಂದು ಅಲ್ಲಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಆ ಭಾನುವಾರದ ತಾರೀಕು ಹೆಂಡತಿಯ ಮೊಬೈಲಿನ ಫೋಟೋದಲ್ಲಿತ್ತು: ನಾನು, ಅವನು, ಕೈಯಲ್ಲಿ ಲೋಟ, ಹಿಂದೆ ಕುದುರೆ. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದೆ. ನನ್ನನ್ನು ಕೇಳುವುದಕ್ಕೆ ಆರು ದಿನ ಮೊದಲೇ ಅವನು ಕುದುರೆಯನ್ನು ಅಲ್ಲಿಗೆ ಕರೆದೊಯ್ದಿದ್ದ.