ಲಾಸೆಲ್ಸ್ ಅರ್ಧ ಕೊಯ್ದಿಟ್ಟ ಗೋಡೆ

ನನ್ನ ಗಂಡ ಲಾಸೆಲ್ಸ್ ಕ್ಷೌರದವನು. ಕಿಂಗ್‌ಸ್ಟನ್ನಿನ ನಮ್ಮ ಮನೆಯಲ್ಲಿ ಕೆಳಗೆ ಅವನ ಅಂಗಡಿ, ಮೇಲಿನ ಅಂತಸ್ತಿನಲ್ಲಿ ನಮ್ಮ ವಾಸ. ಕತ್ತರಿ ಹಿಡಿದರೆ ಕೈ ಚೆನ್ನಾಗಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಸುಖವಾಗಿರುತ್ತಿದ್ದೆ. ಆದರೆ ಅವನಿಗೆ ಮನೆ ಬದಲಾಯಿಸುವ ಹುಚ್ಚು.

ಗಿರಾಕಿಯ ಗಡ್ಡಕ್ಕೆ ಸೋಪು ಹಚ್ಚುವಾಗ ಏನೋ ಹೊಳೆಯುತ್ತಿತ್ತು. ಸೋಪು ಹಚ್ಚಿಸಿಕೊಂಡವನನ್ನು ಹಾಗೇ ಕೂರಿಸಿ ಮೆಟ್ಟಿಲು ಹತ್ತಿ ಬಂದು ಸೋಫಾವನ್ನು ಕಿಟಕಿಗೆ ನೂಕುತ್ತಿದ್ದ. ಮಾರನೆಯ ದಿನ ಕಿಟಕಿಯಿಂದ ಬಾಗಿಲಿಗೆ. ತಾನೇ ಸರಿಸಿದ ಸೋಫಾಕ್ಕೆ ತಾನೇ ಮೊಣಕಾಲು ಬಡಿಸಿಕೊಂಡು ನನ್ನನ್ನು ಬೈಯುತ್ತಿದ್ದ. ಒಂದು ಕ್ರಿಸ್‌ಮಸ್ಸಿಗೆ ನೆಲದ ಹಲಗೆಯನ್ನೇ ಕಿತ್ತ. ಕೆಳಗೆ ಕ್ಷೌರಕ್ಕೆ ಕುಳಿತಿದ್ದ ಪಾದ್ರಿಯ ತಲೆಯ ಮೇಲೆ ವರ್ಷಾನುಗಟ್ಟಲೆಯ ಕಸ ಸುರಿಯಿತು. ಇವನು ತೂತಿನಿಂದ ಇಣುಕಿ, "ಅಲ್ಲಾಡ್ಬೇಡಿ ಪಾದ್ರಿಗಳೇ, ಇನ್ನೊಂದು ಕೆನ್ನೆ ಬಾಕಿ ಇದೆ, ಬಂದೆ" ಎಂದನಂತೆ.

ನಮ್ಮಲ್ಲಿ ಮುಂದಿನ ಕೋಣೆ ಇರುವುದು ಮನೆಯವರು ಕೂರುವುದಕ್ಕಲ್ಲ. ಸೋಫಾದ ಪ್ಲಾಸ್ಟಿಕ್ ಹೊದಿಕೆ ನಾನು ಇನ್ನೂ ತೆಗೆದಿಲ್ಲ. ಗಾಜಿನ ಬೀರುವಿನ ಲೋಟಗಳಲ್ಲಿ ಯಾರೂ ಕುಡಿದಿಲ್ಲ. ಅಲ್ಲಿ ಕೂರುವವರು ಪಾದ್ರಿ, ಇಲ್ಲವೇ ದೂರದ ನೆಂಟರು. ಅದರ ಹಿಂದೆ ಒಂದು ಹಲಗೆ ಗೋಡೆ. ಗೋಡೆಯ ಆಚೆ ಅಡುಗೆಮನೆ, ಅಲ್ಲಿ ನಾನು. ಆ ಗೋಡೆ ತೆಗೆಯಬೇಕೆಂದು ಅವನ ಹಟ. ಅಂಗಡಿಗೆ ಬಂದವರಿಗೆಲ್ಲ ಅದೇ ಪುರಾಣ.

"ಐಸಿ, ಗೋಡೆ ಹೋದ್ರೆ ನಾನು ಇಲ್ಲೇ ಕೂತು ನಿನ್ನ ನೋಡ್ಬೋದಲ್ವಾ?"

"ಏನ್ ನೋಡ್ತೀಯಾ? ನನ್ನ ಬೆನ್ನಾ?"

"ಬೆನ್ನೇನು ಸಣ್ಣದಾ? ಸಾಯಂಕಾಲದವರೆಗೂ ನೋಡ್ಬೋದು."

"ಮೀನು ಕರಿದ ಹೊಗೆಯೆಲ್ಲಾ ಸೋಫಾಕ್ಕೆ ಹತ್ತುತ್ತೆ. ಗೋಡೆ ಮುಟ್ಟು, ಕೈ ಮುರೀತೀನಿ."

ಒಂದು ಶನಿವಾರ ನಾನು ಮಾರುಕಟ್ಟೆಗೆ ಹೋಗಿದ್ದೆ. ಬಂದು ನೋಡಿದರೆ ಗೋಡೆಯಲ್ಲಿ ಗರಗಸದಿಂದ ಕೊಯ್ದ ತೂತು, ತೂತಿನಲ್ಲಿ ಲಾಸೆಲ್ಸ್‌ನ ಮುಖ. "ಊಟಕ್ಕೇನಮ್ಮಾ ಇವತ್ತು?" ಎಂದ. ಸೌಟಿನಿಂದ ಹಣೆಗೆ ಕೊಟ್ಟೆ. ನಗುತ್ತಲೇ ಹೋದ.

ಆ ವಾರವೇ ಸತ್ತ. ಅಂಗಡಿಯಲ್ಲಿ, ಕೈಯಲ್ಲಿ ಕತ್ತರಿ ಹಿಡಿದುಕೊಂಡೇ. ಗಿರಾಕಿಯ ತಲೆ ಅರ್ಧಕ್ಕೇ ನಿಂತಿತು. ಆ ಮನುಷ್ಯ ಸಮಾಧಾನ ಹೇಳಲು ಬಂದಾಗಲೂ ಟೋಪಿ ತೆಗೆಯಲಿಲ್ಲ.

ನಮ್ಮವರ ನಂಬಿಕೆಯಂತೆ ಸತ್ತವನು ಒಂಬತ್ತು ರಾತ್ರಿ ಮನೆಯಲ್ಲೇ ಸುಳಿಯುತ್ತಾನೆ. ಒಂಬತ್ತನೆಯ ರಾತ್ರಿ ಹಾಡಿ, ಉಣಬಡಿಸಿ ಕಳಿಸಬೇಕು. ಅಷ್ಟರೊಳಗೆ ಸಾಮಾನೆಲ್ಲ ಅದಲುಬದಲು ಮಾಡಿರಬೇಕು. ದೆವ್ವ ತಿರುಗಿ ಬಂದರೆ ಇದು ತನ್ನ ಮನೆಯಲ್ಲವೆಂದು ಹೊರಟುಹೋಗಬೇಕು. ನನಗೆ ಅವನು ಹೋಗುವುದು ಬೇಕಿರಲಿಲ್ಲ. ಅವನ ಅಕ್ಕ ಮರ್ಡಿನಾಳ ಎದುರು ಹಾಗಂದರೆ ನನಗೇ ದೆವ್ವ ಹಿಡಿದಿದೆಯೆಂದು ತಲೆಗೆ ರಮ್ ಚಿಮುಕಿಸುತ್ತಾಳೆ.

ಒಂಬತ್ತನೆಯ ದಿನ ಮಧ್ಯಾಹ್ನವೇ ಮರ್ಡಿನಾ ಬಂದಳು. ಜೊತೆಗೆ ಬಡಗಿ ಬಿಗ್ಗಾನನ್ನು ಕರೆತಂದಿದ್ದಳು.

"ಈ ಸೋಫಾ ಯಾವತ್ತೂ ಇಡದಿರೋ ಜಾಗದಲ್ಲಿ ಇಡೋ" ಎಂದಳು.

ಬಿಗ್ಗಾ ತಲೆ ಕೆರೆದುಕೊಂಡ. "ಅಂಥ ಜಾಗ ಈ ಮನೇಲಿ ಎಲ್ಲಿದೆ ಮಿಸ್ ಮರ್ಡಿನಾ? ಮಾಸ್ಟರ್ ಲಾಸೆಲ್ಸ್ ಎಲ್ಲಾ ಕಡೆನೂ ಇಟ್ಟು ನೋಡಿದಾರೆ."

"ಮಲಗೋ ಕೋಣೆಗೆ ಹಾಕು."

"ಅಲ್ಲೂ ಇತ್ತು," ಎಂದೆ ನಾನು. "ಹೋದ ಈಸ್ಟರ್‌ಗೆ."

ಮರ್ಡಿನಾ ಕಿಡಿಕಿಡಿಯಾದಳು. ಆಗ ಅವಳ ಕಣ್ಣು ತೂತಿನ ಮೇಲೆ ಬಿತ್ತು.

"ಅದು ಅವನ ಕೈಗುರುತು. ಅದನ್ನ ಕಂಡ್ರೆ ನೆಟ್ಟಗೆ ಒಳಗೆ ಬರ್ತಾನೆ. ಬಿಗ್ಗಾ, ಹಲಗೆ ಹೊಡೆದು ಮುಚ್ಚು."

ಬಿಗ್ಗಾ ಬಾಯಲ್ಲಿ ಮೊಳೆ ಕಚ್ಚಿಕೊಂಡು ಹಲಗೆ ತಂದ. ನಾನು ಹೋಗಿ ತೂತಿಗೆ ಬೆನ್ನು ಕೊಟ್ಟು ನಿಂತೆ.

"ಪಕ್ಕಕ್ಕೆ ಬಾ, ಐಸಿ."

"ಬರಲ್ಲ."

"ದೆವ್ವನ ಮನೇಲಿ ಇಟ್ಕೋತೀಯೇನೇ?"

"ಬದುಕಿದ್ದಾಗ ಇಟ್ಕೊಂಡಿದ್ನಲ್ಲ. ಅದಕ್ಕಿಂತ ಜಾಸ್ತಿ ಕಾಟ ಕೊಡ್ತಾನಾ?"

ಮರ್ಡಿನಾ ನನ್ನ ತೋಳು ಹಿಡಿದು ಎಳೆದಳು. ಅವಳು ದಪ್ಪ, ನಾನು ಇನ್ನೂ ದಪ್ಪ. ಅಲ್ಲಾಡಲಿಲ್ಲ. ಆದರೆ ರಾತ್ರಿಯಾಗುವವರೆಗೆ ಹಾಗೇ ನಿಲ್ಲುವುದಕ್ಕೆ ಆಗುತ್ತದೆಯೇ? ಒಲೆಯ ಮೇಲೆ ಆಡಿನ ತಲೆಯ ಸಾರು ಕುದಿಯುತ್ತಿತ್ತು.

"ಮರ್ಡಿನಾ, ತೂತು ಮುಚ್ಚಿದ್ರೆ ಗೋಡೆ ಮೊದಲಿನ ಥರಾನೇ ಆಗುತ್ತೆ. ಮದುವೆಯಾದಾಗಿಂದ ನೋಡಿದ ಗೋಡೆ, ಗುರುತು ಸಿಗದೆ ಇರುತ್ತಾ? ಗೋಡೆನೇ ಇಲ್ದಿದ್ರೆ?"

ಅವಳು ತೋಳು ಬಿಟ್ಟಳು. ಅವಳು ಯಾವತ್ತೂ ಅಂಗಡಿಯ ಕುರ್ಚಿಯಲ್ಲಿ ಕುಳಿತು ತಮ್ಮನ ಪುರಾಣ ಕೇಳಿದವಳಲ್ಲ.

"ಗೋಡೆನೇ ಇಲ್ದಿದ್ರೆ ದಿಕ್ಕು ತಪ್ಪುತ್ತಾನೆ," ಎಂದಳು.

"ತಪ್ಪದೆ ಇನ್ನೇನು?"

"ಕೆಡವೋ ಬಿಗ್ಗಾ!"

ಬಿಗ್ಗಾ ನನ್ನ ಮುಖ ನೋಡಿದ. ಅವನು ಪ್ರತಿ ತಿಂಗಳೂ ಆ ಕುರ್ಚಿಯಲ್ಲಿ ಕುಳಿತವನು. ಬಾಯಿಂದ ಮೊಳೆಗಳನ್ನು ಒಂದೊಂದಾಗಿ ತೆಗೆದು ಜೇಬಿಗೆ ಹಾಕಿಕೊಂಡ. "ಭಾರ ಹೊತ್ತ ಗೋಡೆ ಅಲ್ಲ ಇದು," ಎಂದಷ್ಟೇ ಹೇಳಿ ಹಾರೆ ಎತ್ತಿದ.

ಕತ್ತಲಾಗುವಷ್ಟರಲ್ಲಿ ಅಡುಗೆಮನೆ, ಮುಂದಿನ ಕೋಣೆ ಎರಡೂ ಒಂದಾದವು. ಜನ ಬಂದರು, ಹಾಡಿದರು, ಕುಡಿದರು. ಮರ್ಡಿನಾ ಬಾಗಿಲು ತೆರೆದು ನಿಂತು, "ಲಾಸೆಲ್ಸ್, ಇದು ನಿನ್ನ ಮನೆಯಲ್ಲ, ನಿನ್ನ ದಾರಿ ನೋಡ್ಕೋ" ಎಂದು ಕೂಗಿ ಹೇಳಿದಳು. ಸುತ್ತ ನೋಡಿ ಅವಳಿಗೆ ಸಮಾಧಾನವಾಯಿತು.

ನಾನು ಮೀನು ಕರಿಯುತ್ತಿದ್ದೆ. ನಾನು ಹೇಳಿದ್ದೇ ಸರಿ, ಹೊಗೆಯೆಲ್ಲ ಸೋಫಾಕ್ಕೇ ಹೋಯಿತು. ಅದರ ಮೇಲೆ ಕುಳಿತಿದ್ದ ಪಾದ್ರಿ ಕೆಮ್ಮುತ್ತಿದ್ದರು. ಯಾರೋ ಎರಡು ಸಲ ಕರೆದರು. ನಾನು ತಿರುಗಲಿಲ್ಲ. ಕೋಣೆಗೆ ಬೆನ್ನು ಹಾಕಿ ನಿಂತೇ ಇದ್ದೆ.