ದೊಡ್ಡಮ್ಮ ಬಾರದ ಬೆಳಿಗ್ಗೆ

ಕಳೆದ ವಾರ ಚಿಂತಾಮಣಿಯಲ್ಲಿ ಒಂದು ಮನೆಯ ಮುಂದೆ ಹಳೆಯ ಬಿದಿರಿನ ಚಂದ್ರಿಕೆಯೊಂದನ್ನು ಮಲಗಿಸಿ, ಮೇಲೆ ಪಂಚೆ ಹಾಸಿ ಸಂಡಿಗೆ ಒಣಗಿಸಿದ್ದರು. ಹಣ್ಣಾದ ರೇಷ್ಮೆಹುಳು ಗೂಡು ಕಟ್ಟಲೆಂದು ಬಿಡುವ, ಸುರುಳಿ ಸುತ್ತಿನ ತಟ್ಟಿ ಅದು. ಈಗ ಹೆಚ್ಚಿನವರು ಪ್ಲಾಸ್ಟಿಕ್ಕಿನದನ್ನೇ ಬಳಸುತ್ತಾರೆ. ಬಗ್ಗಿ ನೋಡಿದೆ. ಅಂಚಿನ ಸೀಳೊಂದರಲ್ಲಿ ಎಳೆಯಷ್ಟು ನೂಲು ಇನ್ನೂ ಸಿಕ್ಕಿಕೊಂಡಿತ್ತು. ಬಾಡಿದ ಸೊಪ್ಪು, ಸುಣ್ಣ, ಹುಳುವಿನ ಹಿಕ್ಕೆ ಬೆರೆತ ವಾಸನೆ... ನಿಜವಾಗಿ ಇತ್ತೋ, ನನಗೆ ಹಾಗೆ ಅನ್ನಿಸಿತೋ ಹೇಳಲಾರೆ. ದೊಡ್ಡಮ್ಮ ನೆನಪಾದರು.

ಅವರು ನಮಗೆ ರಕ್ತಸಂಬಂಧಿಯಲ್ಲ. ಶಿಡ್ಲಘಟ್ಟದ ಹತ್ತಿರದ ನಮ್ಮ ಊರಿನಲ್ಲಿ ಎದುರು ಮನೆಯವರು. ಊರಿಗೆಲ್ಲ ದೊಡ್ಡಮ್ಮ. ಗಂಡ ತೀರಿಕೊಂಡ ಮೇಲೂ ಹುಳು ಸಾಕುವುದನ್ನು ಬಿಟ್ಟಿರಲಿಲ್ಲ.

ಹುಳು ಹಣ್ಣಾದ ದಿನ ಒಂದು ಮನೆಯವರ ಕೈ ಸಾಲದು. ಒಂದೊಂದನ್ನೇ ಆರಿಸಿ ಚಂದ್ರಿಕೆಗೆ ಬಿಡಬೇಕು. ತಡವಾದರೆ ಅವು ಸೊಪ್ಪು ತಿನ್ನುವ ತಟ್ಟೆಯ ಕಸದಲ್ಲೇ ನೂಲು ಬಿಟ್ಟು ಕೆಡುತ್ತವೆ. ಹಾಗಾಗಿ ಊರಿನ ಹತ್ತಾರು ಮನೆಯವರು ಒಬ್ಬರಿಗೊಬ್ಬರು ಮುಯ್ಯಾಳು ಹೋಗುತ್ತಿದ್ದರು. ಇವತ್ತು ನಿಮ್ಮ ಮನೆಗೆ, ನಾಳೆ ನಮ್ಮ ಮನೆಗೆ. ಆದರೆ ನಮ್ಮ ಹುಳು ಹಣ್ಣಾಗಿವೆ ಬನ್ನಿ ಎಂದು ಯಾರೂ ತಮ್ಮ ಬಾಯಿಂದ ಹೇಳುವಂತಿರಲಿಲ್ಲ. ಹೇಳಿದರೆ ಬೆಳೆಗೆ ಕಣ್ಣು ತಾಕುತ್ತದೆ ಎಂಬ ಭಯ. ಹೇಳುವ ಕೆಲಸ ದೊಡ್ಡಮ್ಮನದು. ದಿನಾ ಬೆಳಿಗ್ಗೆ ಹೆಪ್ಪು ಕೇಳುವ ನೆವದಲ್ಲಿ ಲೋಟ ಹಿಡಿದು ಮನೆಮನೆಗೂ ಹೋಗುತ್ತಿದ್ದರು. ಒಂದು ಹುಳುವನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಆಮೇಲೆ ಮುಂದಿನ ಮನೆಯಲ್ಲಿ ಮೆಲ್ಲಗೆ, "ನಾಳೆ ಆಚೆ ಮನೆ ಕಡೆ ಒಂದ್ ಹೆಜ್ಜೆ ಹೋಗ್ಬನ್ನಿ" ಅನ್ನುತ್ತಿದ್ದರು. ಅಷ್ಟೇ. ಮರುದಿನ ಆ ಮನೆಯಲ್ಲಿ ಜನ ಸೇರಿರುತ್ತಿದ್ದರು.

ಆಗ ನಾನು ಚಿಕ್ಕಬಳ್ಳಾಪುರದಲ್ಲಿ, ಒಂದು ಅಂಗಡಿಯ ಮಹಡಿಯ ಮೇಲಿನ ಕೋಣೆಯಲ್ಲಿ, ಇನ್ನಿಬ್ಬರ ಜೊತೆ ಸಾಫ್ಟ್‌ವೇರ್ ಮಾಡುತ್ತಿದ್ದೆ. ಹಾಲಿನ ಸಂಘ, ಮಹಿಳಾ ಸಂಘ, ಹೀಗೆ ಹಲವರು ಕೂಡಿ ಮಾಡುವ ಕೆಲಸ ಸಲೀಸಾಗಲೆಂದು ಫೋನಿಗೆ ಹಾಕಿಕೊಳ್ಳುವಂಥದ್ದು. ನಮ್ಮೂರಿನ ಮುಯ್ಯಾಳಿಗೂ ಒಂದು ಮಾಡೋಣವೆಂದು ಮೂರು ಬೆಳಿಗ್ಗೆ ನೋಟ್‌ಬುಕ್ ಹಿಡಿದು ದೊಡ್ಡಮ್ಮನ ಹಿಂದೆ ತಿರುಗಿದೆ. ಯಾರಿಗೆ ಮೊದಲು ಹೇಳುತ್ತಾರೆ, ಯಾವ ಮನೆಗೆ ಎಷ್ಟು ಜನ ಬೇಕು, ಎಲ್ಲವನ್ನೂ ಬರೆದುಕೊಂಡೆ.

"ಏನೇ ಅದು, ನನ್ನ ಜಾತಕ ಬರೀತಿದ್ದೀಯಾ?"

"ಇನ್ಮೇಲೆ ನೀನು ಓಡಾಡ್ಬೇಕಾಗಿಲ್ಲ ದೊಡ್ಡಮ್ಮ. ಹಣ್ಣಾದ ಮನೆಯೋರು ಒಂದು ಬಟನ್ ಒತ್ತಿದ್ರೆ ಸಾಕು, ಎಲ್ರಿಗೂ ಗೊತ್ತಾಗುತ್ತೆ."

"ಓಹೋ, ನನ್ನ ಕಾಲಿಗೆ ರಿಟೈರ್‌ಮೆಂಟಾ? ಹಂಗಾದ್ರೆ ಶಾಲು ಹೊದಿಸಿ ಸನ್ಮಾನ ಮಾಡಮ್ಮ."

ಅವರ ಮಂಡಿ ನೋವು ನನಗೆ ಗೊತ್ತಿತ್ತು. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಒತ್ತುವುದು ಬಾಯಿಬಿಟ್ಟು ಹೇಳಿದ ಹಾಗಲ್ಲವಲ್ಲ ಎಂದು ಹರೆಯದವರು ನಕ್ಕು ಒತ್ತಿದರು. ಜನ ಹೊತ್ತಿಗೆ ಸರಿಯಾಗಿ ಬಂದರು. ಒಂದೆರಡು ಬೆಳೆ ಹೀಗೇ ಚೆನ್ನಾಗಿ ನಡೆಯಿತು. ದೊಡ್ಡಮ್ಮ ಬೆಳಿಗ್ಗೆ ತಿರುಗುವುದನ್ನು ನಿಲ್ಲಿಸಿದರು.

ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಆಫೀಸಿನಲ್ಲಿ ಟೀ ಕುಡಿಯುತ್ತ ಪರದೆ ನೋಡಿದೆ. "ಇಂದು ಯಾವ ಮನೆಗೂ ಜನ ಬೇಕಿಲ್ಲ" ಎಂದಿತ್ತು. ಇವತ್ತು ನಮ್ಮೂರಿಗೆ ರಜಾ ಎಂದು ಜೊತೆಯವರಿಗೆ ಹೇಳಿದ್ದೂ ನೆನಪಿದೆ.

ಮಾರನೆಯ ದಿನ ಊರಿಗೆ ಹೋದೆ. ದೊಡ್ಡಮ್ಮನ ಮನೆಯ ಬಾಗಿಲು ಪೂರ್ತಿ ತೆರೆದಿತ್ತು. ಅವರು ತಟ್ಟೆಗಳ ನಡುವೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಇನ್ನೂ ಒಂದೊಂದೇ ಹುಳುವನ್ನು ಆರಿಸುತ್ತಿದ್ದರು. ನಾಲ್ಕೇ ಚಂದ್ರಿಕೆ ತುಂಬಿದ್ದವು. ಉಳಿದ ಹುಳುಗಳು ಒಣಗಿದ ಕಡ್ಡಿ, ಹಿಕ್ಕೆಗಳ ನಡುವೆಯೇ ತೆಳ್ಳಗೆ, ಕೊಳಕು ಬಣ್ಣದ ಗೂಡು ಕಟ್ಟಿಕೊಂಡಿದ್ದವು. ಅವರ ಪಕ್ಕದ ಮನೆಯ ಚಿಕ್ಕಪ್ಪ ಹೊಸ್ತಿಲ ಆಚೆ ನಿಂತಿದ್ದರು.

"ಫೋನಲ್ಲಿ ಏನೂ ಬರ್ಲಿಲ್ವಲ್ಲಮ್ಮ," ಎಂದರು ನನಗೆ. "ನಿನ್ನೆ ಎರಡು ಸಲ ನೋಡ್ದೆ."

"ಒಂದೇ ಗೋಡೆ ಕಣೋ ಮಧ್ಯೆ," ಎಂದರು ದೊಡ್ಡಮ್ಮ, ತಲೆ ಎತ್ತದೆ. "ಫೋನ್ ನೋಡ್ದೋನು ಬಾಗಿಲು ನೋಡ್ಲಿಲ್ವಾ?"

ನನಗೆ ತಡೆಯಲಾಗಲಿಲ್ಲ. "ಒಂದ್ಸಲ ಒತ್ತಬಾರ್ದಿತ್ತಾ ದೊಡ್ಡಮ್ಮ?"

"ನನ್ನ ಹುಳ ಹಣ್ಣಾಗಿವೆ ಅಂತ ನಾನೇ ಸಾರ್ಲಾ? ನಾನು ಯಾವತ್ತು ಕರ್ದಿದ್ದೀನೇ? ಬೆಳಿಗ್ಗೆ ನಾನು ಬರ್ಲಿಲ್ಲ ಅಂದ್ರೆ ಎಲ್ರೂ ಬರ್ತಿದ್ರು."

ಮೂರು ಬೆಳಿಗ್ಗೆ ಅವರ ಹಿಂದೆ ತಿರುಗಿದರೂ, ನಿಮ್ಮ ಮನೆಯದನ್ನು ಯಾರು ಹೇಳುತ್ತಾರೆ ಎಂದು ನಾನು ಕೇಳಿರಲಿಲ್ಲ. ದೊಡ್ಡಮ್ಮ ಹೆಪ್ಪು ಕೇಳಲು ಬಾರದ ಬೆಳಿಗ್ಗೆಯೇ ಅವರ ಮನೆಯ ಸುದ್ದಿಯಾಗಿತ್ತು. ಅವರ ತಿರುಗಾಟ ನಿಲ್ಲಿಸಿ ಆ ಸುದ್ದಿಯನ್ನೂ ನಾನೇ ನಿಲ್ಲಿಸಿದ್ದೆ. ಅವರು ಬಾರದಿರುವುದು ಊರಿಗೆ ಆಗಲೇ ಅಭ್ಯಾಸವಾಗಿತ್ತು...

ಆಮೇಲೆ ಅವರು ಹುಳು ತರಲಿಲ್ಲ. ಸೊಪ್ಪಿನ ತೋಟವನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ನಾನು ಸಾಫ್ಟ್‌ವೇರನ್ನು ತಿದ್ದಿದೆ. ಈಗ ಹುಳು ಹಣ್ಣಾಗದ ಮನೆಯವರೂ ದಿನಾ ಬೆಳಿಗ್ಗೆ ಒಮ್ಮೆ ಒತ್ತುತ್ತಾರೆ. ಬೆಳಿಗ್ಗೆ ಯಾವ ಮನೆಯಿಂದ ಏನೂ ಬರುವುದಿಲ್ಲವೋ ಅದರ ಪಕ್ಕದ ಮನೆಯ ಫೋನಿಗೆ ಒಂದು ಸಾಲು ಹೋಗುತ್ತದೆ: "ಸುದ್ದಿ ಇಲ್ಲ, ಹೋಗಿ ನೋಡಿ." ನೋಡಿ ಬಂದವರು ಹಾಗೆಂದು ಒತ್ತಬೇಕು. ಅದನ್ನು ದೊಡ್ಡಮ್ಮನಿಗೂ ತೋರಿಸಿದೆ. ಫೋನನ್ನು ಕಣ್ಣಿನಿಂದ ದೂರ ಹಿಡಿದು ನೋಡಿ, "ಹೂಂ, ಈಗ ಇದಕ್ಕೆ ಕಾಲು ಬಂತು" ಎಂದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮರುವರ್ಷ ಚಳಿಯಲ್ಲಿ ಅವರು ತೀರಿಕೊಂಡರು. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಹೇಳಲಾರೆ. ಇಲ್ಲವೆಂದೂ ಹೇಳಲಾರೆ.

ಚಿಂತಾಮಣಿಯಿಂದ ಹಿಂದಿರುಗುವಾಗ ಬಸ್ಸಿನಲ್ಲಿ ನಮ್ಮೂರಿನ ಪಟ್ಟಿಯನ್ನು ತೆರೆದೆ. ದೊಡ್ಡಮ್ಮನ ಮನೆ ಇನ್ನೂ ಅದರಲ್ಲಿತ್ತು. ತೆಗೆಯಲು ನನಗೆ ಮನಸ್ಸು ಬಂದಿರಲಿಲ್ಲ. ಸುದ್ದಿ ಇಲ್ಲ, ಹೋಗಿ ನೋಡಿ. ಅದರ ಕೆಳಗೆ, ನಾನು ಇದುವರೆಗೆ ಗಮನಿಸದ ಇನ್ನೊಂದು ಸಾಲಿತ್ತು: "ನೋಡಿ ಬಂದೆ." ಚಿಕ್ಕಪ್ಪ ಅಂದು ಬೆಳಿಗ್ಗೆ ಒತ್ತಿದ್ದರು. ಹಿಂದಿನ ದಿನವೂ, ಅದರ ಹಿಂದಿನ ದಿನವೂ.

ಫೋನ್ ಮಾಡಿದೆ. "ಚಿಕ್ಕಪ್ಪ, ಅಲ್ಲಿ ಬೀಗ ಹಾಕಿದೆಯಲ್ಲ. ಆ ಮನೇನ ಪಟ್ಟಿಯಿಂದ ತೆಗ್ದುಬಿಡ್ಲಾ?"



"ಇರ್ಲಿ ಬಿಡಮ್ಮ. ಅವತ್ತು ಹೋಗ್ಲಿಲ್ವಲ್ಲ."